ಹಾಜರಿ ಪುಸ್ತಕದಲ್ಲಿ ಇಲ್ಲದ ಸ್ಪೆಸಿಯೋಜಾ

ನನ್ನ ಹೆಸರಿನ ಮುಂದೆ ಮೂರು ಗೈರುಹಾಜರಿಗಳಿವೆ. ಹದಿನೇಳು ವರ್ಷಕ್ಕೆ ಮೂರು. ಒಂದನ್ನು ನಾನು ಒಪ್ಪುತ್ತೇನೆ, ಒಂದರ ಬಗ್ಗೆ ಇನ್ನೂ ವಾದ ಮಾಡಬಲ್ಲೆ. ಮೂರನೆಯದರ ಪಕ್ಕದಲ್ಲಿ ಸ್ಪೆಸಿಯೋಜಾ ತನ್ನ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿದ್ದಾಳೆ: ‘ಹೊಟ್ಟೆನೋವೆಂದು ಹೇಳಿ ಕಳಿಸಿದ. ಮಧ್ಯಾಹ್ನ ಮದುವೆಮನೆಯಲ್ಲಿ ಎರಡು ಸಲ ಬಡಿಸಿಕೊಂಡ.’ ಇದನ್ನು ಅವಳು ನೂರಾ ನಾಲ್ಕು ಮನೆಯವರ ಮುಂದೆ ಗಟ್ಟಿಯಾಗಿ ಓದಿದಳು. ನನ್ನ ಹೆಂಡತಿ ದಾತಿವಾ ಗುಂಪಿನಿಂದಲೇ, ‘ಎರಡಲ್ಲ, ಮೂರು ಸಲ’ ಎಂದು ಕೂಗಿದಳು. ಸ್ಪೆಸಿಯೋಜಾ ತಿದ್ದಲಿಲ್ಲ. ತಾನು ಕಣ್ಣಾರೆ ಕಂಡದ್ದು ಎರಡೇ ಎಂದು ಹೇಳಿ ಮುಂದಿನ ಹೆಸರಿಗೆ ಹೋದಳು.

ರುವಾಂಡಾದಲ್ಲಿ ಯಾವ ಗುಡ್ಡಕ್ಕೆ ಹೋದರೂ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಎಂಟಕ್ಕೆ ಜನ ಗುದ್ದಲಿ ಹಿಡಿದು ನಿಂತಿರುತ್ತಾರೆ. ಅದು ಉಮುಗಾಂಡ, ಊರ ಕೆಲಸ. ಹನ್ನೊಂದರವರೆಗೆ ಚರಂಡಿ ತೋಡುವುದು, ರಸ್ತೆಗೆ ಮಣ್ಣು ಹಾಕುವುದು, ಗಿಡ ನೆಡುವುದು. ಆಮೇಲೆ ಹುಲ್ಲಿನ ಮೇಲೆ ಕುಳಿತು ಮೀಟಿಂಗು. ಶನಿವಾರ ಪ್ರಾರ್ಥನೆಗೆ ಹೋಗುವ ಚರ್ಚಿನವರು ಮಾರನೆಯ ದಿನ ಬಂದು ತಮ್ಮ ಪಾಲಿನ ಕೆಲಸ ಮಾಡುತ್ತಾರೆ. ಅವರಿಗೆ ಬೇರೆ ಪುಟ. ನಮ್ಮ ಕಾಬುಯೆಂಗೆ ಗುಡ್ಡದಲ್ಲಿ ಈ ಎಲ್ಲ ಪುಟಗಳೂ ಸ್ಪೆಸಿಯೋಜಾಳವು. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಕೈಯಲ್ಲಿ ಏನು ಹಿಡಿದು ಬಂದರು, ಎಷ್ಟು ಮೀಟರು ತೋಡಿದರು, ಎಲ್ಲವೂ ಇರುತ್ತದೆ. ಒಮ್ಮೆ ಒಬ್ಬ ಬರಿಗೈಯಲ್ಲಿ ಬಂದು ಮೂರು ಗಂಟೆ ಸಲಹೆ ಕೊಟ್ಟ. ಅವನ ಹೆಸರಿನ ಮುಂದೆ, ತಂದ ಸಾಮಾನು ಎಂಬ ಕಡೆ, ‘ಬಾಯಿ’ ಎಂದಿದೆ.

ಹೋದ ವರ್ಷ ಅವಳಿಗೆ ಐವತ್ತಾರು ತುಂಬಿತ್ತು. ತೆಳ್ಳಗಿನ ಹೆಂಗಸು. ಎಡಗೈಯಲ್ಲಿ ತೀರಿಹೋದ ಗಂಡನ ಉಕ್ಕಿನ ವಾಚು. ಪಟ್ಟಿ ಸಡಿಲವಾದ್ದರಿಂದ ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಕಟ್ಟಿಕೊಂಡಿದ್ದಳು. ಪ್ರತಿ ಶುಕ್ರವಾರ ಸಂಜೆ ರೇಡಿಯೋದ ಸುದ್ದಿಗೆ ಮುಂಚೆ ಬರುವ ಸದ್ದಿಗೆ ವಾಚನ್ನು ಸರಿಹೊಂದಿಸುತ್ತಿದ್ದಳು. ಹದಿನೇಳು ವರ್ಷದ ಹದಿನೇಳು ಪುಸ್ತಕಗಳನ್ನು ಇಲಿ ಮುಟ್ಟದ ಹಾಗೆ ಮುಚ್ಚಳದ ಬಕೆಟ್ಟಿನಲ್ಲಿ ಇಟ್ಟಿದ್ದಳು. ಎಂಟು ಗಂಟೆಗೆ ಕೊನೆಯ ಹೆಸರಿನ ಕೆಳಗೆ ಗೆರೆ ಎಳೆಯುವಳು. ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಗುವನ್ನು ಕಟ್ಟಿಕೊಳ್ಳುವ ಹಾಗೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ಗುದ್ದಲಿ ಎತ್ತಿ ಚರಂಡಿಗೆ ಇಳಿಯುವಳು. ಆ ಗುದ್ದಲಿಗೆ ಮೂರು ಸಲ ಕಾವು ಹಾಕಿಕೊಟ್ಟವನು ನಾನು. ನಾನು ಬಡಗಿ. ಕಾವು ಸವೆಯುವುದು ಕೆಲಸದಿಂದಲೇ ಎಂದು ನನಗೆ ಗೊತ್ತಿತ್ತು. ಹೇಳಬೇಕಾದ ದಿನ ಮಾತ್ರ ಅದು ನನಗೆ ಹೊಳೆಯಲೇ ಇಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಗೆರೆ ಎಳೆದ ಮೇಲೆ ಬಂದವನು ಬಂದಿಲ್ಲ ಎಂದೇ ಲೆಕ್ಕ. ಕಾಲು ಹಿಡಿದರೂ ಅಷ್ಟೇ, ಕಣ್ಣು ಕೆಂಪು ಮಾಡಿದರೂ ಅಷ್ಟೇ.

ಈ ಗೆರೆಗೆ ಸಿಕ್ಕಿಬಿದ್ದವನು ಬಂಡೋರಾ. ಚರಂಡಿಯ ಆಚೆ ದಂಡೆಯಲ್ಲಿ ಬಾಳೆ ಬೆಳೆದುಕೊಂಡಿರುವ, ಮಾತಿಗೆ ಮಾತು ಕೊಡುವ ಒರಟ. ಎಂಟು ವರ್ಷದ ಹಿಂದೆ ಮೇಲಿನ ಕಚೇರಿಯವರು ಒಂದು ಬಹುಮಾನ ಇಟ್ಟರು. ವರ್ಷಪೂರ್ತಿ ಒಬ್ಬರೂ ತಪ್ಪಿಸಿಕೊಳ್ಳದ ಗುಡ್ಡಕ್ಕೆ ಹತ್ತು ಸಾವಿರ ಲೀಟರಿನ ನೀರಿನ ಟ್ಯಾಂಕು. ಹನ್ನೊಂದು ತಿಂಗಳು ನಾವು ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಹೆರಿಗೆಯಾದವರು, ಕಾಲು ಮುರಿದವರು ಮೊದಲೇ ಕಾರಣ ಬರೆಸಿದ್ದರು. ಹನ್ನೆರಡನೆಯ ತಿಂಗಳು ಬಂಡೋರಾ ಎಂಟೂ ಹನ್ನೊಂದಕ್ಕೆ ಬಂದ.

‘ಬರಿ, ಬಂದಿದೀನಿ’ ಅಂದ.

‘ಗೆರೆ ಎಳದಾಯ್ತು’ ಅಂದಳು ಸ್ಪೆಸಿಯೋಜಾ.

‘ಗೆರೆ ಮೇಲೊಂದು ಚೂರು ಜಾಗ ಇಲ್ವಾ? ನಂದೇನು ಆನೆಯಂಥಾ ಹೆಸರಾ?’

‘ಜಾಗ ಇದೆ. ಹೊತ್ತಿಲ್ಲ.’

ಟ್ಯಾಂಕು ಪಕ್ಕದ ಗುಡ್ಡಕ್ಕೆ ಹೋಯಿತು. ನಮ್ಮ ಮನೆಯ ಬಾಗಿಲಲ್ಲಿ ನಿಂತರೆ ಈಗಲೂ ಕಾಣುತ್ತದೆ, ಕಪ್ಪಗೆ, ದಪ್ಪಗೆ. ನಮ್ಮ ಹೆಂಗಸರು ಇವತ್ತಿಗೂ ನೀರಿಗೆ ಕೆಳಗಿನ ಜೌಗಿಗೆ ಇಳಿದು ಹತ್ತುತ್ತಾರೆ. ಹತ್ತುವಾಗ ಇಬ್ಬರನ್ನೂ ಬೈಯುತ್ತಾರೆ. ಬಂಡೋರಾನಿಗೆ ‘ಟ್ಯಾಂಕು’ ಎಂದು ಹೆಸರು ಬಿತ್ತು. ಅವನು ಮಾತ್ರ ಬಾಳೆ ಬೀರು ಕುಡಿಯುವಲ್ಲಿ, ಚರ್ಚಿನ ಹೊರಗೆ, ಸಂತೆಯಲ್ಲಿ ಒಂದೇ ಮಾತು: ‘ನಾನು ಹೊತ್ತಿಗೇ ಬಂದಿದ್ದೆ. ಆ ಹೆಂಗಸಿನ ವಾಚು ಹನ್ನೊಂದು ನಿಮಿಷ ಮುಂದಿತ್ತು.’ ಇದನ್ನು ಏಳು ವರ್ಷ ಹೇಳಿದ. ಅರ್ಧ ಗುಡ್ಡ ನಂಬಿತು. ನಾನೂ ಸ್ವಲ್ಪ ನಂಬಿದ್ದೆ. ಹೊಟ್ಟೆನೋವಿನ ವಿಷಯ ಓದಿದವಳ ಮೇಲೆ ನನಗೇನು ಪ್ರೀತಿ ಉಕ್ಕುತ್ತಿರಲಿಲ್ಲ.

ಒಂದು ವಿಚಿತ್ರ ನಡೆಯಿತು. ಆ ತಿಂಗಳಿನಿಂದ ಮುಂದೆ ಬಂಡೋರಾ ಒಂದು ಸಲವೂ ತಪ್ಪಿಸಲಿಲ್ಲ, ಒಂದು ಸಲವೂ ತಡವಾಗಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಬೂರುಗದ ಮರದ ಕೆಳಗೆ ಗಂಟು ಮುಖ ಹಾಕಿಕೊಂಡು ಕೂತಿರುತ್ತಿದ್ದ. ಬುದ್ಧಿ ಬಂತು ಎಂದುಕೊಂಡೆವು.

ಹೋದ ವರ್ಷ ಜೂನಿನಲ್ಲಿ ಹಸುಗಳ ಸುದ್ದಿ ಬಂತು. ಬಡ ಮನೆಗಳಿಗೆ ಸರ್ಕಾರದ ಹಸು; ನಮ್ಮ ಗುಡ್ಡಕ್ಕೆ ಮೂರು. ಮತ್ತೆ ಈ ಸರದಿ ಬರಲು ಐದಾರು ವರ್ಷ. ಹಸು ಅಂದರೆ ಇಲ್ಲಿ ಬರೀ ಹಾಲಲ್ಲ. ಹಸು ಕೊಟ್ಟವನ ಹೆಸರಿನ ಮೇಲೆ ಇಲ್ಲಿ ಜನ ಆಣೆ ಇಡುತ್ತಾರೆ: ‘ನನಗೆ ಹಸು ಕೊಟ್ಟ ಇಂಥವರಾಣೆ’ ಎಂದು. ಯಾರೂ ಹಸು ಕೊಡದವನಿಗೆ ಆಣೆ ಇಡಲೂ ಒಂದು ಹೆಸರಿರುವುದಿಲ್ಲ. ಸ್ಪೆಸಿಯೋಜಾ ಆಣೆ ಇಟ್ಟದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವಳ ಹೊಲ ಗುಡ್ಡದ ಇಳಿಜಾರಿನಲ್ಲಿ, ಕೆಂಪು ಮಣ್ಣು, ಗೊಬ್ಬರವಿಲ್ಲದೆ ಬೀನ್ಸ್ ಬಳ್ಳಿ ಮೊಣಕಾಲು ಮುಟ್ಟುವುದೂ ಕಷ್ಟ. ಹಸುವಿದ್ದವರ ಕೊಟ್ಟಿಗೆ ಬಳಿದುಕೊಟ್ಟು ಒಂದು ಬುಟ್ಟಿ ಗೊಬ್ಬರ ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಇನ್ನು ಐದಾರು ವರ್ಷಕ್ಕೆ ಆ ತಲೆ ಬುಟ್ಟಿ ಹೊರುವ ಸ್ಥಿತಿಯಲ್ಲಿ ಇರುತ್ತದೋ ಇಲ್ಲವೋ.

ನಾವು ಮೀಟಿಂಗಿನಲ್ಲಿ ಕೈ ಎತ್ತಿ ಪಟ್ಟಿ ಮಾಡಿದೆವು. ಮೂರನೆಯ ಹೆಸರು ಅವಳದು. ನಾಲ್ಕನೆಯದು ಬಂಡೋರಾನದು, ಮೂವರಲ್ಲಿ ಯಾರಾದರೂ ಬಿಟ್ಟರೆ ಅವನಿಗೆ. ಅವತ್ತು ಅವಳು ಪಟ್ಟಿ ಬರೆದುಕೊಳ್ಳುವಾಗ ಪೆನ್ನು ಒಂದು ಕ್ಷಣ ನಿಂತಿತು. ನಾನು ಅವಳನ್ನು ನೋಡುತ್ತಲೇ ಇದ್ದೆ. ಅವಳ ಮುಖ ಅರಳಿತ್ತು.

ಮುಂದಿನ ತಿಂಗಳು ಪಟ್ಟಿ ನೋಡಲು ಮೇಲಿನ ಕಚೇರಿಯಿಂದ ಪ್ರಾಸ್ಪೆರ್ ಎಂಬ ಹೊಸ ಆಫೀಸರು ಬಂದ. ಒಳ್ಳೆಯವನೇ. ಬೂಟಿಗೆ ಕೆಸರಾದರೂ ಗೊಣಗಲಿಲ್ಲ. ಹುಲ್ಲಿನ ಮೇಲೆ ಕೂತು ಹೇಳಿದ: ‘ಒಂದು ಹೊಸ ನಿಯಮ ಇದೆ. ಹಸು ತಗೊಳ್ಳೋರು ಹಿಂದಿನ ಇಪ್ಪತ್ನಾಲ್ಕು ಉಮುಗಾಂಡದಲ್ಲಿ ಇಪ್ಪತ್ತಕ್ಕಾದ್ರೂ ಬಂದಿರಬೇಕು. ಪುಸ್ತಕ ಕೊಡಿ, ನೋಡ್ತೀನಿ.’

ನಮಗೆಲ್ಲ ಹೆಮ್ಮೆಯೇ ಆಯಿತು. ಪುಸ್ತಕದ ವಿಷಯದಲ್ಲಿ ನಮ್ಮ ಗುಡ್ಡವನ್ನು ಯಾರೂ ಮೀರಿಸಲಾರರು. ಮೊದಲನೆಯವನು ಇಪ್ಪತ್ತೆರಡು. ಎರಡನೆಯವಳು ಇಪ್ಪತ್ತೊಂದು. ಮೂರನೆಯ ಹೆಸರಿಗೆ ಪ್ರಾಸ್ಪೆರ್ ಹಾಳೆ ತಿರುವಿದ. ಮತ್ತೆ ತಿರುವಿದ. ಹಿಂದಿನ ಪುಸ್ತಕ ಕೇಳಿದ. ಅದಕ್ಕೂ ಹಿಂದಿನದು ಕೇಳಿದ.

‘ಸ್ಪೆಸಿಯೋಜಾ ಅನ್ನೋರು ಯಾರು?’

‘ನಾನೇ’ ಅಂದಳು.

‘ಅಮ್ಮಾ, ನೀವು ಒಂದು ಸಲಾನೂ ಬಂದಿಲ್ವಲ್ಲ?’

ನಾವು ನಕ್ಕೆವು. ಆಮೇಲೆ ನಗು ನಿಂತಿತು. ಅವನು ಪುಸ್ತಕವನ್ನು ನಮ್ಮ ಕಡೆ ತಿರುಗಿಸಿ ಹಿಡಿದ. ಹದಿನೇಳು ವರ್ಷದಲ್ಲಿ ಅವಳು ನಮ್ಮ ಕೆಮ್ಮು, ನಮ್ಮ ಮದುವೆ, ನಮ್ಮ ಮುರಿದ ಕಾವು ಎಲ್ಲವನ್ನೂ ಬರೆದಿದ್ದಳು. ತನ್ನ ಹೆಸರು ಒಂದು ಸಲವೂ ಬರೆದಿರಲಿಲ್ಲ.

‘ಯಾಕೆ ಬರ್ಕೊಂಡಿಲ್ಲ?’

‘ನಾನು ಬಂದೆ ಅಂತ ನಾನೇ ಬರ್ಕೊಂಡ್ರೆ ಅದು ಸಾಕ್ಷಿ ಆಗುತ್ತಾ, ಸ್ವಾಮಿ? ಹೊಗಳ್ಕೊಂಡ ಹಾಗಾಗುತ್ತೆ. ಯಾರೂ ಕೇಳಿರ್ಲಿಲ್ಲ. ಇದುವರೆಗೆ ಬೇಕಾಗಿರ್ಲಿಲ್ಲ.’

‘ಅಕ್ಕಾ, ಈಗ ಬರೀ ಮತ್ತೆ!’ ದಾತಿವಾ ಕೂಗಿದಳು. ‘ಪೆನ್ನು ನಿನ್ನ ಕೈಯಲ್ಲೇ ಇದೆಯಲ್ಲೇ! ಇಪ್ಪತ್ನಾಲ್ಕು ಸಲ ಬರಿಯೋಕೆ ಎಷ್ಟು ಹೊತ್ತು ಬೇಕು? ನಾವೇನು ಬೇಡ ಅಂತೀವಾ?’

ಸ್ಪೆಸಿಯೋಜಾ ಪೆನ್ನಿನ ಕಡೆ ನೋಡಿದಳು. ನನಗೆ ಗೊತ್ತು, ಅವಳಿಗೆ ಆಸೆಯಾಯಿತು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ‘ಗೆರೆ ಎಳದಾಯ್ತು’ ಅಂದಳು.

ನಮ್ಮ ಗುಡ್ಡದ ಮುಖ್ಯಸ್ಥ ಎದ್ದು ನಿಂತ. ಇವಳು ಪ್ರತಿ ತಿಂಗಳೂ ಬಂದಿದ್ದಾಳೆ, ಬರದೆ ಪುಸ್ತಕ ತುಂಬಿದ್ದು ಹೇಗೆ ಎಂದ. ಪ್ರಾಸ್ಪೆರ್ ತಲೆ ಕೆರೆದುಕೊಂಡ. ‘ಬರೆಯೋಕೆ ಬಂದಿದಾರೆ, ಒಪ್ಪಿದೆ. ನಿಯಮದಲ್ಲಿ ಬರೆಯೋದು ಕೆಲಸ ಅಂತ ಇಲ್ಲ. ಮೂರು ಗಂಟೆ ಗುದ್ದಲಿ ಹಿಡಿದಿದಾರಾ? ತಿಂಗಳು ತಿಂಗಳಿಗೆ ನೋಡಿದೋರು ಯಾರಾದ್ರೂ ಇದೀರಾ? ಈಗ ನೆನಪು ಮಾಡ್ಕೊಂಡು ಹೇಳೋದಲ್ಲ. ಬರೆದಿಟ್ಟದ್ದು ಬೇಕು.’

ಚರಂಡಿ ತೋಡುವವನು ಬಗ್ಗಿ ತೋಡುತ್ತಾನೆ. ಪಕ್ಕದವಳನ್ನು ನೋಡುತ್ತಾ ನಿಲ್ಲುವುದಿಲ್ಲ. ಬರೆದಿಡುವುದಂತೂ ಅವಳ ಕೆಲಸ ಎಂದು ಹದಿನೇಳು ವರ್ಷ ನಿಶ್ಚಿಂತೆಯಾಗಿದ್ದೆವು. ನೂರಾ ನಾಲ್ಕು ಮನೆಯಲ್ಲಿ ಒಬ್ಬರ ಬಳಿಯೂ ಅವಳ ಬಗ್ಗೆ ಒಂದು ಸಾಲಿರಲಿಲ್ಲ.

‘ಹಾಗಾದ್ರೆ ನಾಲ್ಕನೇ ಹೆಸರು’ ಅಂದ ಪ್ರಾಸ್ಪೆರ್. ‘ಬಂಡೋರಾ. ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು! ಈ ಪಟ್ಟಿಯಲ್ಲಿ ಇವರೊಬ್ಬರದೇ.’

ಎಲ್ಲರೂ ಬೂರುಗದ ಮರದ ಕಡೆ ತಿರುಗಿದರು. ಬಂಡೋರಾ ಅಲ್ಲಿರಲಿಲ್ಲ. ದಾರಿಯಲ್ಲಿ ತನ್ನ ಮನೆಯ ಕಡೆ ದಡದಡ ಇಳಿಯುತ್ತಿದ್ದ.

‘ಹಗ್ಗ ತರೋಕೆ ಓಡಿದ, ನೋಡು’ ಅಂದಳು ದಾತಿವಾ. ‘ನಾಚಿಕೆಗೆಟ್ಟೋನು.’

ಸ್ಪೆಸಿಯೋಜಾ ಪುಸ್ತಕಗಳನ್ನು ವರ್ಷದ ಪ್ರಕಾರ ಬಕೆಟ್ಟಿಗೆ ಜೋಡಿಸತೊಡಗಿದಳು. ಹದಿಮೂರನೆಯದನ್ನು ಹನ್ನೆರಡನೆಯದಕ್ಕಿಂತ ಮೊದಲು ಇಟ್ಟಳು. ಹಾಗೆ ಅವಳು ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನೋಡಿ ನನಗೆ ಬಹಳ ಕೆಟ್ಟೆನಿಸಿತು.

ಬಂಡೋರಾ ಏದುಸಿರು ಬಿಡುತ್ತಾ ವಾಪಸು ಬಂದ. ಹಗ್ಗ ಇರಲಿಲ್ಲ. ಎಣ್ಣೆ ಕಲೆಯಾದ ಎರಡು ಶಾಲೆ ನೋಟ್ ಬುಕ್ಕುಗಳಿದ್ದವು. ಪ್ರಾಸ್ಪೆರ್‌ನ ತೊಡೆಯ ಮೇಲೆ ಎಸೆದ.

‘ಓದು’ ಅಂದ.

ಪ್ರಾಸ್ಪೆರ್ ನಡುವಿನ ಒಂದು ಪುಟ ತೆರೆದು ಗಟ್ಟಿಯಾಗಿ ಓದಿದ. ‘ಜನವರಿ, ಕೊನೇ ಶನಿವಾರ. ಆ ಹೆಂಗಸು ಬಂದದ್ದು ಏಳೂ ಮೂವತ್ತೆಂಟು. ಬರೆದು ಮುಗಿಸಿದ್ದು ಎಂಟು. ತೋಡಲು ಶುರು, ಎಂಟೂ ಎರಡು. ನಿಲ್ಲಿಸಿದ್ದು ಹನ್ನೊಂದು. ನೀರು ಕುಡಿದದ್ದು ಒಂದು ಸಲ. ತಪ್ಪು: ಇಲ್ಲ. ಫೆಬ್ರವರಿ. ಬಂದದ್ದು ಏಳೂ ಮೂವತ್ತೈದು. ಹಾರೆಯಿಂದ ಬೇರು ಕಿತ್ತಳು. ತಪ್ಪು: ಇಲ್ಲ. ಮಾರ್ಚ್...’ ಅವನು ತಲೆ ಎತ್ತಿದ. ‘ಏನಿದು?’

‘ಟ್ಯಾಂಕು ಹೋದ ಮಾರನೇ ತಿಂಗಳಿಂದ ಬರ್ದಿದೀನಿ’ ಅಂದ ಬಂಡೋರಾ. ‘ಎಂಬತ್ತು ತಿಂಗಳು. ನಾಲ್ಕು ಸಲ ಗುಡ್ಡ ಕುಸ್ದು ಕೆಲಸ ನಡೀಲಿಲ್ಲ. ಒಂದು ದಿನ ಇವಳು ತಡ ಮಾಡ್ತಾಳೆ, ಒಂದು ದಿನ ಬೆನ್ನು ನೆಟ್ಟಗೆ ಮಾಡ್ಕೊಂಡು ನಿಲ್ತಾಳೆ, ಅವತ್ತು ಎಲ್ಲರ ಮುಂದೆ ಮಾನ ಕಳೀತೀನಿ ಅಂತ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾದೆ. ಇವಳಿಗಿಂತ ಮುಂಚೆ ಬರ್ಬೇಕಲ್ಲ, ಅದಕ್ಕೇ ನಾನು ಮುಂಚೆ ಬರ್ತಿದ್ದು. ಏಳು ವರ್ಷ! ಒಂದು ತಪ್ಪು ಸಿಗ್ಲಿಲ್ಲ ಈ ಹೆಂಗಸಿನಲ್ಲಿ. ಈಗ ನೀನು ಬಂದು ಇವಳು ಇರ್ಲೇ ಇಲ್ಲ ಅಂತೀಯ. ಹಾಗಾದ್ರೆ ನಾನು ನೋಡ್ತಾ ಕೂತಿದ್ದು ಯಾರನ್ನ?’



‘ಈ ಹೊತ್ತೆಲ್ಲ ಯಾವ ಗಡಿಯಾರದ್ದು?’ ಪ್ರಾಸ್ಪೆರ್ ಕೇಳಿದ. ಬರೆದುಕೊಳ್ಳಲು ಬೇಕಾಗಿದ್ದರಿಂದ ಕೇಳಿದ, ಅಷ್ಟೇ. ಅವನಿಗೆ ನಮ್ಮ ಟ್ಯಾಂಕಿನ ಕಥೆ ಗೊತ್ತಿರಲಿಲ್ಲ. ನಮಗೆಲ್ಲ ಗೊತ್ತಿತ್ತು. ನೂರಾ ನಾಲ್ಕು ಮನೆಯವರ ಕಿವಿ ನೆಟ್ಟಗಾಯಿತು.

ಬಂಡೋರಾ ನೆಲ ನೋಡಿದ. ಪಕ್ಕದ ಗುಡ್ಡದ ಟ್ಯಾಂಕು ನೋಡಿದ. ಅವನು ಪಟ್ಟಿಯಲ್ಲಿ ಮುಂದಿನವನು. ಸುಮ್ಮನಿದ್ದಿದ್ದರೆ ಹಸು ಅವನ ಅಂಗಳಕ್ಕೆ ಬರುತ್ತಿತ್ತು.

‘ಅವಳ ವಾಚಿಂದೇ, ಪಕ್ಕದಲ್ಲಿ ಸುಳಿದು ಕದ್ದು ನೋಡ್ತಿದ್ದೆ’ ಅಂದ. ‘ಮೊದಲನೇ ತಿಂಗಳು ನನ್ನ ರೇಡಿಯೋ ತಂದು ಮರದ ಹಿಂದೆ ಇಟ್ಕೊಂಡು ತಾಳೆ ನೋಡ್ದೆ. ಸರಿಯಾಗಿತ್ತು. ಯಾವಾಗ್ಲೂ ಸರಿಯಾಗೇ ಇತ್ತು. ಆವತ್ತು ತಡವಾಗಿ ಬಂದೋನು ನಾನು. ಮೊದಲಿನ ಹತ್ತು ನಿಮಿಷ ಬರೀ ಬೇರು ಕೀಳೋದಿರುತ್ತೆ, ಕಷ್ಟದ ಕೆಲಸ, ಅವರು ಕೀಳ್ಲಿ ಅಂತ ಬಾಳೆ ತೋಟದಲ್ಲಿ ಕೂತಿದ್ದೆ. ಸಾಕಾ? ಬರ್ಕೊಂಡ್ಯಾ?’

ಏಳು ವರ್ಷ ಜೌಗಿನಿಂದ ನೀರು ಹೊತ್ತ ಹೆಂಗಸರು ಅವನನ್ನು ನೋಡಿದರು. ಅವತ್ತು ಅವನಿಗೆ ಹೊಡೆತ ಬೀಳುತ್ತದೆ ಎಂದೇ ನಾನು ಎಣಿಸಿದ್ದೆ. ದಾತಿವಾ ಎದ್ದಳು, ಸೊಂಟದ ಮೇಲೆ ಕೈ ಇಟ್ಟಳು, ಬಾಯಿ ತೆರೆದಳು, ಮತ್ತೆ ಕೂತಳು. ಮದುವೆಯಾದ ಮೇಲೆ ಅವಳು ಹಾಗೆ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ.

ಪ್ರಾಸ್ಪೆರ್ ನಿಯಮದ ಹಾಳೆಯನ್ನು ಎರಡು ಸಲ ಓದಿದ. ಬರೆದಿಟ್ಟ ದಾಖಲೆ ಎಂದಿದೆ, ಯಾರು ಬರೆದಿರಬೇಕು ಎಂದಿಲ್ಲ ಎಂದ. ಬರೆದವನಿಗೆ ಇವರ ಮೇಲೆ ಪ್ರೀತಿ ಇದ್ದಂತೆ ಕಾಣುವುದಿಲ್ಲ, ಅದೂ ಒಳ್ಳೆಯದೇ ಎಂದ. ಮೂರನೆಯ ಹೆಸರು ಉಳಿಯಿತು. ಸ್ಪೆಸಿಯೋಜಾ ಅಲ್ಲೇ ಅತ್ತಳು, ಎಲ್ಲರ ಮುಂದೆ. ಸದ್ದಿಲ್ಲದೆ, ಗಲ್ಲ ಒರೆಸಿಕೊಳ್ಳದೆ ಅತ್ತಳು. ಅಳು ಮುಗಿದ ಮೇಲೆ ಹದಿಮೂರನೆಯ ಪುಸ್ತಕವನ್ನು ತೆಗೆದು ಸರಿಯಾದ ಜಾಗದಲ್ಲಿಟ್ಟಳು.

ಆಗಸ್ಟಿನಲ್ಲಿ ಹಸು ಬಂತು. ಕಂದು ಬಣ್ಣ, ಆಗಲೇ ಗಬ್ಬ. ಮೊದಲ ಹೆಣ್ಣು ಕರುವನ್ನು ಪಟ್ಟಿಯ ಮುಂದಿನ ಮನೆಗೆ ಕೊಡಬೇಕೆಂಬುದು ನಿಯಮ. ಅಂದರೆ ಬಂಡೋರಾನಿಗೆ. ಅದನ್ನು ಅವನು ಯಾರ ಬಳಿಯೂ ಆಡಲಿಲ್ಲ. ಹುಲ್ಲು ಮಾತ್ರ ಎರಡು ದಿನಕ್ಕೊಂದು ಹೊರೆ ತಂದು ಅವಳ ಬೇಲಿಯ ಮೇಲೆ ಎಸೆದು ಹೋಗುತ್ತಿದ್ದ. ಉಮುಗಾಂಡದ ಬೆಳಿಗ್ಗೆ, ಅವಳು ಎಲ್ಲರ ಹೆಸರು ಬರೆದಾದ ಮೇಲೆ, ಗೆರೆ ಎಳೆಯುವ ಮುಂಚೆ ಅವನು ಬಂದು ಕೈ ಚಾಚುವನು. ಅವಳು ಪೆನ್ನು ಕೊಡುವಳು. ಅವನು ಕೊನೆಯ ಸಾಲಿನಲ್ಲಿ ಅವಳ ಹೆಸರು, ಹೊತ್ತು, ಗುದ್ದಲಿ ಎಂದು ಬರೆದು, ಪೆನ್ನು ವಾಪಸು ಕೊಟ್ಟು, ಹೋಗಿ ಚರಂಡಿಗೆ ಇಳಿಯುವನು. ಅವನ ಅಕ್ಷರ ಕೋಳಿ ಕೆರೆದ ಹಾಗಿದೆ.

ನವೆಂಬರಿನ ಕೊನೆಯ ಶನಿವಾರ ಹಸು ಬೆಳಿಗ್ಗೆಯೇ ಕರು ಹಾಕಲು ಮಲಗಿತು. ಸ್ಪೆಸಿಯೋಜಾ ಪುಸ್ತಕವನ್ನೂ ವಾಚನ್ನೂ ದಾತಿವಾಳ ಕೈಯಲ್ಲಿ ಕಳಿಸಿದಳು; ಬಂಡೋರಾ ಬರೆಯಲಿ ಎಂದು ಹೇಳಿ ಕಳಿಸಿದಳು. ತನ್ನ ಬಗ್ಗೆ ಕಾರಣ ಏನನ್ನೂ ಹೇಳಿ ಕಳಿಸಲಿಲ್ಲ, ಬಂದೇ ಬರುತ್ತೇನೆ ಎಂದುಕೊಂಡಿದ್ದಳು. ಬಂಡೋರಾ ವಾಚನ್ನು ಅಂಗೈಯಲ್ಲಿಟ್ಟುಕೊಂಡು ನೂರಾ ಮೂರು ಮನೆಯವರ ಹೆಸರು ಬರೆದ. ಎಂಟಾಯಿತು.

‘ಸ್ವಲ್ಪ ತಡಿಯೋ ಟ್ಯಾಂಕು’ ಅಂದಳು ದಾತಿವಾ. ‘ಅಲ್ಲಿ ಹುಟ್ತಿರೋದು ನಿನ್ನ ಕರುವೇ ಕಣೋ.’

ಬಂಡೋರಾ ಗೆರೆ ಎಳೆದ.

ಸ್ಪೆಸಿಯೋಜಾ ಎಂಟೂ ನಾಲ್ಕಕ್ಕೆ ಓಡುತ್ತಾ ಬಂದಳು. ಮೊಣಕೈಯವರೆಗೆ ರಕ್ತ, ತಲೆಯ ಬಟ್ಟೆ ಎಲ್ಲೋ ಬಿದ್ದಿತ್ತು. ‘ಹೆಣ್ಣು’ ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ. ಆಮೇಲೆ ಪುಸ್ತಕ ನೋಡಿದಳು, ಗೆರೆ ನೋಡಿದಳು. ಏನೂ ಕೇಳದೆ ಗುದ್ದಲಿ ಹಿಡಿದು ಚರಂಡಿಗೆ ಇಳಿದು ಹನ್ನೊಂದರವರೆಗೆ ತೋಡಿದಳು. ಬಂಡೋರಾ ಪಕ್ಕದಲ್ಲೇ ಬೇರು ಕಿತ್ತ.

ಮೀಟಿಂಗಿನಲ್ಲಿ ಓದುವವಳು ಅವಳೇ. ಕೈ ತೊಳೆದುಕೊಂಡು ಬಂದು, ಎಂದಿನ ದನಿಯಲ್ಲಿ ನಮ್ಮೆಲ್ಲರ ಹೆಸರು, ಹೊತ್ತು, ಸಾಮಾನು ಓದಿದಳು. ಗೆರೆಯ ಕೆಳಗೆ ಒಂದೇ ಹೆಸರಿತ್ತು.

‘ಸ್ಪೆಸಿಯೋಜಾ. ಗೈರುಹಾಜರಿ. ನಾಲ್ಕು ನಿಮಿಷ ತಡ. ಕಾರಣ ಮೊದಲೇ ತಿಳಿಸಿಲ್ಲ.’

‘ಅನ್ಯಾಯ ಇದು!’ ದಾತಿವಾ ಎದ್ದೇಬಿಟ್ಟಳು. ಅವಳ ಹಿಂದೆ ಇನ್ನೂ ಹತ್ತು ಹೆಂಗಸರು ಎದ್ದರು. ಬಂಡೋರಾ ಬೂರುಗದ ಮರದ ಕೆಳಗೆ ತಲೆ ತಗ್ಗಿಸಿ ಕೂತಿದ್ದ, ಕಿವಿ ಕೆಂಪಾಗಿತ್ತು.

ಸ್ಪೆಸಿಯೋಜಾ ಕೈ ಎತ್ತಿ ಅವರನ್ನು ಕೂರಿಸಿದಳು.

‘ನನಗೆ ಹಸು ಕೊಟ್ಟ ಬಂಡೋರಾನಾಣೆ’ ಅಂದಳು, ‘ಬರೆದದ್ದು ಸರಿಯಾಗಿದೆ.’

ಆಮೇಲೆ ಅವತ್ತು ಎಷ್ಟು ಮೀಟರು ತೋಡಿದೆವು ಎಂಬುದನ್ನು ಓದಿದಳು.